ಬೆನಗಲ್: ಒಂದು ಮನೆತನದ ಹೆಸರಿನ ಮೂಲ ಮತ್ತು ಮದರಾಸಿನಲ್ಲಿ ಅದರ ಬಳಕೆ

1. ಪ್ರವೇಶ

1925ರಲ್ಲಿ ಬೆಳಗಾವಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದವರು ಬೆನಗಲ್ ರಾಮರಾವ್. ಪಾಣ್ಯಂ ಸುಂದರಶಾಸ್ತ್ರಿಗಳೊಡನೆ 'ಪುರಾಣನಾಮ ಚೂಡಾಮಣಿ' ಎಂಬ ಕೋಶವನ್ನು ಸಿದ್ಧಪಡಿಸಿದವರೂ ಅವರೇ. 1949ರ ಜುಲೈ 1ರಿಂದ 1957ರ ಜನವರಿಯವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದು, ಆ ಕಾಲದ ನೋಟುಗಳ ಮೇಲೆ ತಮ್ಮ ಸಹಿಯನ್ನು ಉಳಿಸಿಹೋದವರ ಹೆಸರೂ ಬೆನಗಲ್ ರಾಮರಾವ್. ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಒಬ್ಬರು ಕನ್ನಡ ವಿದ್ವಾಂಸರು, ಇನ್ನೊಬ್ಬರು ಐ.ಸಿ.ಎಸ್. ಅಧಿಕಾರಿಗಳು. ಇಬ್ಬರ ಹೆಸರನ್ನೂ ಅಂದಿನ ರೂಢಿಯಂತೆ 'ಬಿ. ರಾಮರಾವ್' ಎಂದು ಸಂಕ್ಷೇಪಿಸಿದಾಗ ಓದುಗನಿಗೆ ಉಳಿಯುವುದು ಒಂದು ಆದ್ಯಕ್ಷರ, ದಕ್ಷಿಣ ಭಾರತದಲ್ಲಿ ಸಾವಿರಾರು ಜನರಿಗಿರುವ ಒಂದು ಅಂಕಿತನಾಮ ಮತ್ತು ಲಕ್ಷಾಂತರ ಜನರಿಗಿರುವ ಒಂದು ಉಪಾಧಿ ಮಾತ್ರ.

ಕರ್ನಾಟಕದ ಹೊರಗಿನ ಗ್ರಂಥಾಲಯ, ಪತ್ರಾಗಾರಗಳಲ್ಲಿ ಕೆಲಸ ಮಾಡುವ ಸಂಶೋಧಕರಿಗೆ ಈ ಬಗೆಯ ತೊಡಕು ಹೊಸದಲ್ಲ. ಹೆಸರಿನ ಕೊನೆಯ ಪದವನ್ನು ಕುಲನಾಮವೆಂದು ಭಾವಿಸಿ ಸೂಚಿಯನ್ನು ಸಿದ್ಧಪಡಿಸುವ ಪಾಶ್ಚಾತ್ಯ ಪದ್ಧತಿ ಕನ್ನಡ ಕರಾವಳಿಯ ಹೆಸರುಗಳಿಗೆ ಒಗ್ಗುವುದಿಲ್ಲ. ಒಗ್ಗದಿರುವುದರ ಫಲವಾಗಿ ಒಂದೇ ಮನೆಯ ಅಣ್ಣತಮ್ಮಂದಿರು ಸೂಚಿಯ ಬೇರೆ ಬೇರೆ ಪುಟಗಳಿಗೆ ಚದುರಿಹೋಗುತ್ತಾರೆ. ಸಂಬಂಧವೇ ಇಲ್ಲದ ಇಬ್ಬರು ಒಂದೇ ಶೀರ್ಷಿಕೆಯ ಕೆಳಗೆ ಬಂದು ನಿಲ್ಲುತ್ತಾರೆ. ಇದರಿಂದ ಕೃತಿಗಳ ಕರ್ತೃತ್ವ, ಕುಟುಂಬಗಳ ಇತಿಹಾಸ, ವಲಸೆಯ ಜಾಡು ಇವೆಲ್ಲವೂ ತಪ್ಪಾಗಿ ದಾಖಲಾಗುವ ಸಂಭವವಿದೆ. ಪ್ರಸ್ತುತ ಲೇಖನದಲ್ಲಿ ಬೆನಗಲ್ ಎಂಬ ವಿರಳವಾದ ಮನೆತನದ ಹೆಸರನ್ನು ಮುಖ್ಯ ನಿದರ್ಶನವಾಗಿ ಇರಿಸಿಕೊಂಡು, ಅದರ ಮೂಲವನ್ನೂ, ಮದರಾಸು (1996ರಿಂದ ಚೆನ್ನೈ) ನಗರದ ಆದ್ಯಕ್ಷರ ಪದ್ಧತಿಯಲ್ಲಿ ಅದು ಪಡೆದ ರೂಪಾಂತರಗಳನ್ನೂ ವಿವೇಚಿಸಲಾಗಿದೆ.

2. ಹೆಸರಿನ ನಾಲ್ಕು ಅಂಗಗಳು

ಕನ್ನಡ ನಾಡಿನ ಪೂರ್ಣ ಹೆಸರಿನಲ್ಲಿ ಸಾಮಾನ್ಯವಾಗಿ ನಾಲ್ಕು ಅಂಗಗಳು ಕಾಣಿಸಿಕೊಳ್ಳಬಹುದು: ಊರಿನ ಅಥವಾ ಮನೆಯ ಹೆಸರು, ತಂದೆಯ ಹೆಸರು, ಅಂಕಿತನಾಮ, ಕೊನೆಯಲ್ಲಿ ಒಂದು ಗೌರವವಾಚಿ ಅಥವಾ ಕುಲವಾಚಿಯಾದ ಉಪಾಧಿ. ಎಲ್ಲ ಹೆಸರುಗಳಲ್ಲಿಯೂ ನಾಲ್ಕೂ ಇರುವುದಿಲ್ಲ. ಇರುವ ಅಂಗಗಳ ಅನುಕ್ರಮವೂ ಎಲ್ಲೆಡೆ ಒಂದೇ ಅಲ್ಲ.

ಹಳೆಯ ಮೈಸೂರು ಪ್ರದೇಶದಲ್ಲಿ ಊರು, ತಂದೆ, ಅಂಕಿತ ಎಂಬ ಕ್ರಮ ಬಳಕೆಯಲ್ಲಿದೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಡಿ.ವಿ. ಗುಂಡಪ್ಪ; ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕೆ.ವಿ. ಪುಟ್ಟಪ್ಪ; ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಬಿ.ಎಂ. ಶ್ರೀಕಂಠಯ್ಯ. ಇಲ್ಲಿ ಕೊನೆಯ ಪದ ಅಂಕಿತನಾಮವೇ ಹೊರತು ಕುಲನಾಮವಲ್ಲ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ವಿರುದ್ಧವಾದ ಕ್ರಮವಿದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ ಇವರ ಹೆಸರುಗಳಲ್ಲಿ ಅಂಕಿತ ಮೊದಲು, ತಂದೆಯ ಹೆಸರು ನಡುವೆ, ಮನೆತನದ ಹೆಸರು ಕೊನೆಗೆ. ಧಾರವಾಡದ ಕಡೆ ಈ ಕೊನೆಯ ಅಂಗಕ್ಕೆ 'ಅಡ್ಡಹೆಸರು' ಎಂಬ ಸ್ವತಂತ್ರ ಪದವೇ ಇದೆ.

ಜ್ಞಾನಪೀಠ ಪುರಸ್ಕೃತರಾದ ಇಬ್ಬರು ಲೇಖಕರ ಹೆಸರುಗಳನ್ನು ಹೋಲಿಸಿದರೆ ಈ ಭೇದ ಸ್ಪಷ್ಟವಾಗುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರಿನಲ್ಲಿ ಮಾಸ್ತಿ ಎಂಬುದು ಊರು. ಅದು ಮೊದಲು ಬರುತ್ತದೆ. ವಿ.ಕೃ. ಗೋಕಾಕರ ಹೆಸರಿನಲ್ಲಿ ಗೋಕಾಕವೂ ಊರೇ. ಅದು ಕೊನೆಗೆ ಬರುತ್ತದೆ. ಕನ್ನಡ ಓದುಗರು ಇಬ್ಬರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಾರೆ ಎಂಬುದು ಗಮನಾರ್ಹ. ಹೆಸರಿನಲ್ಲಿ ಊರಿನ ಸ್ಥಾನ ಬೇರೆಯಾದರೂ, ವ್ಯಕ್ತಿಯನ್ನು ಇತರರಿಂದ ಬೇರ್ಪಡಿಸುವ ಕೆಲಸವನ್ನು ಎರಡೂ ಕಡೆ ಊರೇ ಮಾಡುತ್ತಿದೆ.

ಊರಿನ ಹೆಸರು ಅಂಕಿತಕ್ಕೆ ಮೊದಲು ಬರುವುದು ಕನ್ನಡದ ವಾಕ್ಯರಚನೆಗೆ ಸಹಜವಾದುದು. ಕನ್ನಡದಲ್ಲಿ ವಿಶೇಷಣ ವಿಶೇಷ್ಯಕ್ಕೆ ಮುಂಚೆ ಬರುತ್ತದೆ. ಕೊಂಡಗುಳಿ ಕೇಶಿರಾಜ, ಸೊನ್ನಲಿಗೆಯ ಸಿದ್ಧರಾಮ ಎಂಬಂತಹ ಹೆಸರುಗಳಲ್ಲಿ ಊರು ಅಂಕಿತದ ವಿಶೇಷಣವಾಗಿ ನಿಂತಿದೆ. ಆದಕಾರಣ ಕರಾವಳಿಯ 'ಬೆನಗಲ್ ರಾಮರಾವ್' ಎಂಬ ರಚನೆಯನ್ನು ಆಧುನಿಕ ಕಾಲದ ಕಚೇರಿ ಪದ್ಧತಿಯ ಸೃಷ್ಟಿ ಎಂದು ತಿಳಿಯಬೇಕಾಗಿಲ್ಲ. ಕಚೇರಿಯ ಕೊಡುಗೆ ಆ ಊರಿನ ಹೆಸರನ್ನು ಒಂದಕ್ಷರಕ್ಕೆ ಇಳಿಸಿದ್ದು ಮಾತ್ರ.

3. ಬೆನಗಲ್: ಮೂಲ

ಬೆನಗಲ್ ಎಂಬುದು ಇಂದಿನ ಉಡುಪಿ ಜಿಲ್ಲೆಯ ಒಂದು ಗ್ರಾಮದ ಹೆಸರು. ಅದನ್ನು ಮನೆತನದ ಹೆಸರಾಗಿ ಧರಿಸಿದವರಲ್ಲಿ ಹೆಸರಾದವರು ಚಿತ್ರಾಪುರ ಸಾರಸ್ವತ ಸಮುದಾಯಕ್ಕೆ ಸೇರಿದವರು. ಶಿರಾಲಿಯ ಚಿತ್ರಾಪುರ ಮಠದ ಅನುಯಾಯಿಗಳಾದ ಈ ಸಮುದಾಯದವರ ಮನೆಮಾತು ಕೊಂಕಣಿ. ಬರೆವಣಿಗೆ, ವ್ಯವಹಾರ ಮತ್ತು ಸಾಹಿತ್ಯದ ಮಾತು ಬಹುಕಾಲದಿಂದ ಕನ್ನಡ. ಈ ಸಮುದಾಯದ ಇತಿಹಾಸವನ್ನು ಕುರಿತು ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ ಅವರು 1977ರಲ್ಲಿ ಪ್ರಕಟಿಸಿದ ಗ್ರಂಥ ಹೊರನಾಡಿನ ಸಂಶೋಧಕರಿಗೆ ಸುಪರಿಚಿತ.

ಕೆಳದಿ ಅರಸರ ಕಾಲದಿಂದ ಈ ಸಮುದಾಯದ ಅನೇಕರು ಕರಾವಳಿಯ ಗ್ರಾಮಗಳಲ್ಲಿ ಲೆಕ್ಕಪತ್ರದ ಕೆಲಸವನ್ನು, ಎಂದರೆ ಶಾನುಭೋಗಿಕೆಯನ್ನು, ನಡೆಸಿಕೊಂಡು ಬಂದರು. ಶಾನುಭೋಗ ಎಂಬ ಪದ ಶಾಸನಗಳಲ್ಲಿ ಬರುವ 'ಸೇನಬೋವ' ಎಂಬುದರ ಮುಂದಿನ ರೂಪ. ಗ್ರಾಮದ ಲೆಕ್ಕ ಒಂದೇ ಮನೆಯಲ್ಲಿ ತಲೆಮಾರುಗಳವರೆಗೆ ಉಳಿದಾಗ ಆ ಮನೆಗೂ ಗ್ರಾಮಕ್ಕೂ ಹೆಸರಿನ ನಂಟು ಬೆಳೆಯುವುದು ಸ್ವಾಭಾವಿಕ. ಮನೆಯವರು ಊರು ಬಿಟ್ಟು ಮಂಗಳೂರು, ಮದರಾಸು, ಮುಂಬಯಿಗಳಿಗೆ ಹೋದ ಮೇಲೆ ಆ ನಂಟೇ ಗುರುತಾಗುತ್ತದೆ. ಊರಿನಲ್ಲಿ ಇರುವವನಿಗೆ ಊರಿನ ಹೆಸರಿನ ಅಗತ್ಯವಿಲ್ಲ. ಊರು ಬಿಟ್ಟವನಿಗೆ ಮಾತ್ರ ಅದು ಬೇಕಾಗುತ್ತದೆ. ಕಾರ್ನಾಡ್, ಪಂಜೆ, ಪಡುಕೋಣೆ, ಕೈಕಿಣಿ, ಧಾರೇಶ್ವರ ಮೊದಲಾದ ಇದೇ ಸಮುದಾಯದ ಹೆಸರುಗಳೂ ಗ್ರಾಮನಾಮಗಳೇ. ಇದಕ್ಕೆ ಭಿನ್ನವಾಗಿ ನಾಡಕರ್ಣಿ ಎಂಬಂತಹ ಹೆಸರುಗಳು ಹುದ್ದೆಯನ್ನು ಸೂಚಿಸುತ್ತವೆ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಮನೆತನದ ಹೆಸರಿನ ಮೂಲ ಯಾವುದು ಎಂಬುದು ಒಂದು; ಆ ಮೂಲವಾದ ಗ್ರಾಮನಾಮದ ಅರ್ಥವೇನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸ್ಪಷ್ಟ: ಮನೆತನದ ಹೆಸರು ಗ್ರಾಮದಿಂದ ಬಂದದ್ದು. ಎರಡನೆಯದು ಸ್ಥಳನಾಮಶಾಸ್ತ್ರದ ವಿಷಯ. '-ಗಲ್' ಎಂದು ಮುಗಿಯುವ ಊರುಗಳೆಲ್ಲವನ್ನೂ 'ಕಲ್ಲು' ಎಂಬುದರಿಂದ ನಿಷ್ಪನ್ನ ಮಾಡುವ ಜನಪ್ರಿಯ ವ್ಯುತ್ಪತ್ತಿಯನ್ನು ಎಚ್ಚರದಿಂದ ನೋಡಬೇಕು. ಹಾನಗಲ್ಲಿನ ಶಾಸನರೂಪ 'ಪಾನುಂಗಲ್' ಎಂಬುದನ್ನು ಕಂಡವರಿಗೆ ಇಂದಿನ ರೂಪದ ಮೇಲೆ ಮಾತ್ರ ಅರ್ಥವನ್ನು ಕಟ್ಟುವುದರ ಅಪಾಯ ತಿಳಿದಿದೆ. ಮನೆತನದ ಇತಿಹಾಸಕ್ಕೆ ಗ್ರಾಮದ ಗುರುತು ಸಾಕು. ಗ್ರಾಮನಾಮದ ಅರ್ಥ ಅದಕ್ಕೆ ಆಧಾರವಾಗಬೇಕಾಗಿಲ್ಲ.

'ರಾವ್' ಎಂಬ ಉಪಾಧಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ರಾಜಶಬ್ದದ ತದ್ಭವ ಪರಂಪರೆಗೆ ಸೇರಿದ ಈ ಪದ ಗೌರವಸೂಚಕ. ಅದು ಸಾರಸ್ವತರಲ್ಲಿ ಮಾತ್ರವಲ್ಲದೆ ಮಾಧ್ವರು, ದೇಶಸ್ಥರು, ತೆಲುಗು ನಾಡಿನ ಹಲವು ಸಮುದಾಯಗಳವರು ಇವರೆಲ್ಲರಲ್ಲಿಯೂ ಬಳಕೆಯಲ್ಲಿದೆ. ಆದ್ದರಿಂದ 'ರಾವ್' ಎಂಬುದನ್ನು ಕುಲನಾಮವೆಂದು ಎಣಿಸಿ ವಂಶಾವಳಿಯನ್ನು ಕಟ್ಟುವುದು ಆಧಾರವಿಲ್ಲದ ಕೆಲಸ.

4. ಮುಂದಿದ್ದ ಊರು ಹಿಂದಕ್ಕೆ ಹೋದ ಬಗೆ

ಒಂದೇ ಸಮುದಾಯದಲ್ಲಿ, ಒಂದೇ ಗ್ರಾಮನಾಮ ಕೆಲವರಲ್ಲಿ ಮೊದಲಿಗೂ ಕೆಲವರಲ್ಲಿ ಕೊನೆಗೂ ಬರುವುದಕ್ಕೆ ಆಡಳಿತದ ಗಡಿ ಒಂದು ಮುಖ್ಯ ಕಾರಣ. ಮದರಾಸು ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಯನ್ನು ವಿಭಜಿಸಿ, 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಡಲಾಯಿತು. ದಕ್ಷಿಣ ಕನ್ನಡ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನೊಡನೆಯೇ ಉಳಿಯಿತು. ಹೀಗಾಗಿ ಸುಮಾರು ತೊಂಬತ್ತು ವರ್ಷಗಳ ಕಾಲ ಉತ್ತರದವರ ಶಾಲೆ, ಪರೀಕ್ಷೆ, ನೌಕರಿಗಳೆಲ್ಲ ಮುಂಬಯಿಯ ನಮೂನೆಗಳಲ್ಲಿಯೂ, ದಕ್ಷಿಣದವರವು ಮದರಾಸಿನ ನಮೂನೆಗಳಲ್ಲಿಯೂ ದಾಖಲಾದವು.

ಉತ್ತರ ಕನ್ನಡದ ಗೌರೀಶ ಕಾಯ್ಕಿಣಿ, ಯಶವಂತ ಚಿತ್ತಾಲ, ದಿನಕರ ದೇಸಾಯಿ ಇವರ ಹೆಸರುಗಳಲ್ಲಿ ಅಂಕಿತ ಮೊದಲು, ಮನೆತನ ಕೊನೆಗೆ. ದಕ್ಷಿಣ ಕನ್ನಡದ ಪಂಜೆ ಮಂಗೇಶರಾವ್, ಕಾರ್ನಾಡ್ ಸದಾಶಿವರಾವ್, ಮಂಜೇಶ್ವರ ಗೋವಿಂದ ಪೈ ಇವರ ಹೆಸರುಗಳಲ್ಲಿ ಊರು ಮೊದಲು. ಗೋವಿಂದ ಪೈಗಳ ಮಂಜೇಶ್ವರ 1956ರ ಅನಂತರ ಕೇರಳಕ್ಕೆ ಸೇರಿತು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದನ್ನು ಕೊಟ್ಟಿದ್ದು ಮದರಾಸು ಸರ್ಕಾರ. 'ಎಂ. ಗೋವಿಂದ ಪೈ' ಎಂಬ ಹೆಸರಿನ ಆದ್ಯಕ್ಷರ ಎರಡು ರಾಜ್ಯಗಳ ಗಡಿಯನ್ನು ದಾಟಿ ಹಾಗೆಯೇ ಉಳಿದಿದೆ.

ಕಾರ್ನಾಡ್ ಎಂಬ ಹೆಸರು ಎರಡು ಸ್ಥಾನಗಳಲ್ಲಿಯೂ ದೊರೆಯುವುದರಿಂದ ಹೋಲಿಕೆಗೆ ಅನುಕೂಲ. ಮೂಲ್ಕಿಯ ಬಳಿಯ ಕಾರ್ನಾಡು ಈ ಹೆಸರಿನ ಮೂಲ. ಮಂಗಳೂರಿನಲ್ಲಿ ಹುಟ್ಟಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಸ್ವಾತಂತ್ರ್ಯ ಹೋರಾಟಗಾರರು ಕಾರ್ನಾಡ್ ಸದಾಶಿವರಾವ್ (1881–1937). ಮಾಥೇರಾನಿನಲ್ಲಿ ಹುಟ್ಟಿ ಶಿರಸಿ, ಧಾರವಾಡಗಳಲ್ಲಿ ಬೆಳೆದ ನಾಟಕಕಾರರು ಗಿರೀಶ ರಘುನಾಥ ಕಾರ್ನಾಡ (1938–2019). ಮೊದಲನೆಯದು ಮದರಾಸಿನ ರಚನೆ, ಎರಡನೆಯದು ಮುಂಬಯಿಯದು. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸ ಮಾಡಿದರೂ ಅವರ ಹೆಸರು 'ಕೆ. ಗಿರೀಶ' ಎಂದು ಬದಲಾಗಲಿಲ್ಲ. ವ್ಯಕ್ತಿ ಮುಂದೆ ವಾಸಿಸುವ ನಗರಕ್ಕಿಂತ ಹೆಸರು ಮೊದಲು ದಾಖಲಾದ ಶಾಲೆಯ ಪ್ರಾಂತವೇ ಅದರ ರಚನೆಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮುಂಬಯಿಗೆ ಹೋದ ದಕ್ಷಿಣ ಕನ್ನಡದವರಲ್ಲಿಯೂ ಈ ಬದಲಾವಣೆ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಚಿತ್ರಾಪುರ ಸಾರಸ್ವತರು ಮುಂಬಯಿಯಲ್ಲಿ ನೆಲೆಗೊಂಡಿದ್ದರು. ಗಾಮದೇವಿಯಲ್ಲಿ 1915ರಲ್ಲಿ ಸ್ಥಾಪಿತವಾದ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ದೇಶದ ಮೊದಲ ಇಂತಹ ಸಂಘಗಳಲ್ಲಿ ಒಂದು. ಕೊನೆಯಲ್ಲಿ ಮನೆತನದ ಹೆಸರಿರಬೇಕೆಂದು ನಿರೀಕ್ಷಿಸುವ ಆ ನಗರದಲ್ಲಿ 'ರಾವ್' ಎಂಬ ಉಪಾಧಿ ಸಡಿಲವಾಗಿ, ಮುಂದಿದ್ದ ಊರು ಕೊನೆಗೆ ಸರಿಯಿತು. ಮರಾಠಿ ಮತ್ತು ಗೋವೆಯ ಕೊಂಕಣಿ ಹೆಸರುಗಳಲ್ಲಿ ಗ್ರಾಮನಾಮಕ್ಕೆ '-ಕರ್' ಪ್ರತ್ಯಯ ಸೇರುವುದುಂಟು. ಬೆನಗಲ್, ಕಾರ್ನಾಡ್, ಪಡುಕೋಣೆಗಳು ಸ್ಥಾನವನ್ನು ಬದಲಿಸಿದರೂ ಆ ಪ್ರತ್ಯಯವನ್ನು ತೆಗೆದುಕೊಳ್ಳದೆ ಕನ್ನಡದ ಗ್ರಾಮನಾಮಗಳಾಗಿಯೇ ಉಳಿದಿವೆ.

5. ಮದರಾಸಿನ ಆದ್ಯಕ್ಷರ

ಮದರಾಸಿನಲ್ಲಿ ಊರಿನ ಹೆಸರು ಮುಂದೆಯೇ ಉಳಿಯಿತು. ಆದರೆ ಒಂದಕ್ಷರವಾಗಿ ಉಳಿಯಿತು. ಶಾಸನತಜ್ಞರಾದ ಹೊಸಕೋಟೆ ಕೃಷ್ಣಶಾಸ್ತ್ರಿಗಳು 1924ರ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಕನ್ನಡದಲ್ಲಿ ಅವರ ಊರು ಪೂರ್ಣವಾಗಿ ಉಳಿದಿದೆ. ದಕ್ಷಿಣ ಭಾರತದ ದೇವತಾಮೂರ್ತಿಗಳನ್ನು ಕುರಿತು 1916ರಲ್ಲಿ ಮದರಾಸು ಸರ್ಕಾರಿ ಮುದ್ರಣಾಲಯದಿಂದ ಹೊರಬಂದ ಅವರ ಆಂಗ್ಲ ಗ್ರಂಥದಲ್ಲಿ ಅವರು 'ಎಚ್. ಕೃಷ್ಣಶಾಸ್ತ್ರಿ'. ಕನ್ನಡದ ಆಕರಗಳನ್ನು ನೋಡದವರಿಗೆ ಆ 'ಎಚ್' ಏನನ್ನೂ ಹೇಳುವುದಿಲ್ಲ.

ವೈದ್ಯರೂ ರಾಜಕಾರಣಿಗಳೂ ಆಗಿದ್ದ ಯು. ರಾಮರಾವ್ ಅವರು 1937ರಲ್ಲಿ ಮದರಾಸು ವಿಧಾನ ಪರಿಷತ್ತಿನ ಅಧ್ಯಕ್ಷರಾದರು. ಅವರ ಮಗ ಯು. ಕೃಷ್ಣರಾವ್ 1957ರಿಂದ 1961ರವರೆಗೆ ಮದರಾಸು ವಿಧಾನಸಭೆಯ ಸಭಾಪತಿಗಳು. ಇಬ್ಬರಲ್ಲಿಯೂ 'ಯು' ಎಂಬುದು ಉಡುಪಿ. ತಂದೆಯಿಂದ ಮಗನಿಗೆ ಆದ್ಯಕ್ಷರ ಬದಲಾಗದೆ ಬಂದಿದೆ. ತಮಿಳು ನಾಡಿನ ಇಂದಿನ ಸಾಮಾನ್ಯ ಪದ್ಧತಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಆದ್ಯಕ್ಷರ ಮುಖ್ಯವಾಗಿ ತಂದೆಯ ಹೆಸರಿನದು. ತಲೆಮಾರಿನಿಂದ ತಲೆಮಾರಿಗೆ ಅದು ಬದಲಾಗುತ್ತದೆ. ಮುತ್ತುವೇಲರ ಮಗ ಮು. ಕರುಣಾನಿಧಿ, ಅವರ ಮಗ ಮು.ಕ. ಸ್ಟಾಲಿನ್. ಹಿಂದಿನ ತಮಿಳು ಹೆಸರುಗಳಲ್ಲಿಯೂ ಊರಿಗೆ ಸ್ಥಾನವಿತ್ತು, ಸಿ.ಎನ್. ಅಣ್ಣಾದುರೈ ಅವರ 'ಸಿ' ಕಾಂಚೀಪುರದ ಆಂಗ್ಲರೂಪದಿಂದ ಬಂದದ್ದು. 1929ರ ಫೆಬ್ರವರಿಯಲ್ಲಿ ಚೆಂಗಲ್‌ಪಟ್ಟಿನಲ್ಲಿ ಸೇರಿದ ಸ್ವಾಭಿಮಾನ ಸಮ್ಮೇಳನ ಜಾತಿಸೂಚಕ ಉಪಾಧಿಗಳನ್ನು ಬಿಡಬೇಕೆಂದು ನಿರ್ಣಯಿಸಿದ ಮೇಲೆ, ಹೆಸರಿನ ಕೊನೆಯ ಅಂಗ ಕ್ರಮೇಣ ಕಳಚಿ, ತಂದೆಯ ಆದ್ಯಕ್ಷರ ಮತ್ತು ಅಂಕಿತ ಎಂಬ ಎರಡಂಗದ ಹೆಸರು ಪ್ರಬಲವಾಯಿತು.

ಈ ನಗರದಲ್ಲಿ ನೆಲೆಸಿದ ಕನ್ನಡ ಮನೆತನಗಳ ಮೇಲೆ ಈ ಪದ್ಧತಿಯ ಪ್ರಭಾವ ಬೀಳದಿರಲಿಲ್ಲ. ಅಕ್ಕಪಕ್ಕದವರ ಆದ್ಯಕ್ಷರ ತಂದೆಯದಾಗಿರುವಾಗ ತಮ್ಮ ಆದ್ಯಕ್ಷರವೂ ತಂದೆಯದೇ ಇರಬೇಕೆಂದು ಶಾಲೆಯವರು ಭಾವಿಸುತ್ತಾರೆ; ಎರಡನೆಯ ತಲೆಮಾರಿನಲ್ಲಿ ಊರಿನ ಅಕ್ಷರ ಹೋಗಿ ತಂದೆಯ ಅಕ್ಷರ ಬರುತ್ತದೆ. ಹೋದದ್ದು ಒಂದಕ್ಷರವಾದರೂ ಅದರೊಡನೆ ಮೂಲಗ್ರಾಮದ ಲಿಖಿತ ಗುರುತು ಹೋಗುತ್ತದೆ.

ಮದರಾಸಿನಲ್ಲಿ 'ಉಡುಪಿ' ಎಂಬ ಪದಕ್ಕೆ ಬೇರೊಂದು ಬಳಕೆಯೂ ಇದೆ. 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದ ಕೆ. ಕೃಷ್ಣರಾಯರ 'ಕೆ' ಅವರ ಹುಟ್ಟೂರಾದ ಕಡಂದಲೆಯದು. ಆದರೆ ನಗರದ ಜನ ಅವರ ಉದ್ಯಮವನ್ನು ಗುರುತಿಸಿದ್ದು ಉಡುಪಿಯ ಹೆಸರಿನಿಂದ. ಹೋಟೆಲುಗಳ ಫಲಕದ ಮೇಲಿನ 'ಉಡುಪಿ' ಅಡುಗೆಯ ಸಂಪ್ರದಾಯವನ್ನು ಸೂಚಿಸುವ ವ್ಯಾಪಾರನಾಮ, ಯು. ರಾಮರಾಯರ 'ಉಡುಪಿ' ಮನೆತನದ ಗುರುತು. ಒಂದನ್ನು ಇನ್ನೊಂದಕ್ಕೆ ಸಾಕ್ಷ್ಯವಾಗಿ ಬಳಸಬಾರದು.

6. ಒಂದೇ ಮನೆಯಲ್ಲಿ ಹೆಸರಿನ ಹಲವು ಗತಿಗಳು

ಈಗ ಬೆನಗಲ್ ಮನೆತನಕ್ಕೆ ಮರಳಬಹುದು. ವೈದ್ಯರಾಗಿದ್ದ ಬೆನಗಲ್ ರಾಘವೇಂದ್ರರಾಯರ ಮಕ್ಕಳಲ್ಲಿ ಮೂವರು ರಾಷ್ಟ್ರಮಟ್ಟದಲ್ಲಿ ಪ್ರಸಿದ್ಧರಾದರು. ಬೆನಗಲ್ ನರಸಿಂಗರಾವ್ (1887–1953) ಮದರಾಸು ವಿಶ್ವವಿದ್ಯಾನಿಲಯದ ಪದವೀಧರರು. 1946ರಿಂದ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ, 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು. ಕೊನೆಯಲ್ಲಿ ಹೇಗ್ ನಗರದ ಅಂತರರಾಷ್ಟ್ರ��ಯ ನ್ಯಾಯಾಲಯದ ನ್ಯಾಯಾಧೀಶರು. ಬೆನಗಲ್ ರಾಮರಾವ್ (1889–1969) ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ರಿಸರ್ವ್ ಬ್ಯಾಂಕಿನ ಗವರ್ನರರಾದವರು. ಬಿ. ಶಿವರಾವ್ (1891–1975) ಮದರಾಸಿನಲ್ಲಿ ಅನಿ ಬೆಸೆಂಟರ ಬಳಗದಲ್ಲಿ ಪತ್ರಿಕೋದ್ಯಮ ಮತ್ತು ಕಾರ್ಮಿಕ ಚಳವಳಿಗಳನ್ನು ಆರಂಭಿಸಿ, ಸಂವಿಧಾನ ರಚನಾ ಸಭೆಯ ಸದಸ್ಯರೂ, ಮೊದಲ ಲೋಕಸಭೆಯಲ್ಲಿ ದಕ್ಷಿಣ ಕನ್ನಡದ ಪ್ರತಿನಿಧಿಯೂ ಆದವರು.

ಮೂವರ ಹೆಸರಿನ ರಚನೆಯೂ ಒಂದೇ: ಊರು, ಅಂಕಿತ, ಉಪಾಧಿ. ಆದರೆ ರೋಮನ್ ಲಿಪಿಯಲ್ಲಿ ಮೊದಲಿಬ್ಬರು ಉಪಾಧಿಯನ್ನು ಕೊನೆಯಲ್ಲಿ 'ಯು' ಅಕ್ಷರದಿಂದ ಬರೆದರು. ಮೂರನೆಯವರು 'ಓ' ಅಕ್ಷರದಿಂದ ಬರೆದರು. ಕನ್ನಡದಲ್ಲಿ ಎರಡೂ 'ರಾವ್' ಎಂಬ ಒಂದೇ ರೂಪ. ಮೊದಲನೆಯವರು ಬಳಕೆಯಲ್ಲಿ ಬಿ.ಎನ್. ರಾವ್ ಆದುದರಿಂದ ಅವರ ಅಂಕಿತವೂ ಊರೂ ಎರಡೂ ಆದ್ಯಕ್ಷರಗಳಾಗಿ, ಪೂರ್ಣವಾಗಿ ಉಳಿದದ್ದು ಉಪಾಧಿ ಮಾತ್ರ. ಪಾಶ್ಚಾತ್ಯ ಪದ್ಧತಿಯ ಸೂಚಿಯಲ್ಲಿ ಅವರನ್ನು 'ರಾವ್' ಎಂಬಲ್ಲಿ ಹುಡುಕಬೇಕಾದರೆ, ಅವರ ತಮ್ಮಂದಿರನ್ನು 'ರಾಮ', 'ಶಿವ' ಎಂಬಲ್ಲಿ ಹುಡುಕಬೇಕಾಗುತ್ತದೆ. ಬಿ.ಎನ್. ರಾಯರ ಬರೆಹಗಳನ್ನು ಅವರ ನಿಧನಾನಂತರ 1960ರಲ್ಲಿ ಗ್ರಂಥರೂಪದಲ್ಲಿ ಸಂಪಾದಿಸಿ ಹೊರತಂದವರು ಬಿ. ಶಿವರಾಯರೇ. ಲೇಖಕರೂ ಸಂಪಾದಕರೂ ಅಣ್ಣತಮ್ಮಂದಿರೆಂಬುದನ್ನು ಆ ಎರಡು ಹೆಸರುಗಳಲ್ಲಿ ಸೂಚಿಸುವುದು 'ಬಿ' ಎಂಬ ಒಂದೇ ಅಕ್ಷರ.

ಮುಂದಿನ ತಲೆಮಾರಿನಲ್ಲಿ ಹೆಸರು ಇನ್ನೊಂದು ಹೆಜ್ಜೆ ಇಟ್ಟಿತು. ರಾಮರಾಯರ ಪತ್ನಿ ಧನವಂತಿ (1893–1987) ಹುಬ್ಬಳ್ಳಿಯಲ್ಲಿ ಹುಟ್ಟಿದ ಕಾಶ್ಮೀರಿ ಮನೆತನದವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಕ್ವೀನ್ ಮೇರಿ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದವರು. ವಿವಾಹಾನಂತರ ಅವರು ಧನವಂತಿ ರಾಮರಾವ್. 1923ರಲ್ಲಿ ಮದರಾಸಿನಲ್ಲಿ ಹುಟ್ಟಿದ ಅವರ ಮಗಳು, ಆಂಗ್ಲ ಲೇಖಕಿ ಶಾಂತಾ ರಾಮರಾವ್ (1923–2009). ಇಲ್ಲಿ ತಂದೆಯ ಅಂಕಿತವೂ ಉಪಾಧಿಯೂ ಸೇರಿ ಕುಲನಾಮವಾಗಿವೆ. ಬೆನಗಲ್ ಎಂಬ ನಿಜವಾದ ಮನೆತನದ ಹೆಸರು ಆದ್ಯಕ್ಷರವಾಗಿಯೂ ಉಳಿದಿಲ್ಲ. ಈ ಲೇಖಕಿಯ ಪ್ರಸಿದ್ಧ ಪ್ರಬಂಧ 'ಬೈ ಎನಿ ಅದರ್ ನೇಮ್' 1951ರಲ್ಲಿ ಪ್ರಕಟವಾಯಿತು. ಆಂಗ್ಲ ಶಾಲೆಯ ಮುಖ್ಯೋಪಾಧ್ಯಾಯಿನಿ ಪ್ರೇಮಿಳಾ, ಶಾಂತಾ ಎಂಬ ಇಬ್ಬರು ಬಾಲಕಿಯರ ಹೆಸರುಗಳನ್ನು ಪಮೆಲಾ, ಸಿಂಥಿಯಾ ಎಂದು ಬದಲಿಸುವುದು ಅದರ ವಸ್ತು. ಅಂಕಿತನಾಮ ಬದಲಾದಾಗ ಮಗುವಿಗೆ ಅದು ಕೂಡಲೇ ಅರಿವಾಗುತ್ತದೆ. ಮನೆತನದ ಹೆಸರು ಕಳಚಿದ್ದು ಮಾತ್ರ ಸದ್ದಿಲ್ಲದೆ ನಡೆದುಹೋಗುತ್ತದೆ.

ಇದೇ ಗ್ರಾಮನಾಮ ಕೊನೆಗೆ ಸರಿದು ಪೂರ್ಣರೂಪದಲ್ಲಿ ಉಳಿದ ನಿದರ್ಶನ ಚಲನಚಿತ್ರ ನಿರ್ದೇಶಕ ಶ್ಯಾಮ ಬೆನಗಲ್ (1934–2024) ಅವರದು. ಅವರು ಹುಟ್ಟಿದ್ದು ಹೈದರಾಬಾದಿನ ತಿರುಮಲಗಿರಿಯಲ್ಲಿ. ಕೆಲಸ ಮಾಡಿದ್ದು ಮುಂಬಯಿಯಲ್ಲಿ. ಸಂವಿಧಾನ ರಚನೆಯ ಕಥೆಯನ್ನು ಹತ್ತು ಕಂತುಗಳಲ್ಲಿ ನಿರೂಪಿಸಿದ 'ಸಂವಿಧಾನ್' ಎಂಬ ದೂರದರ್ಶನ ಮಾಲಿಕೆಯನ್ನು 2014ರಲ್ಲಿ ನಿರ್ದೇಶಿಸಿದವರೂ ಅವರೇ. ಸಂವಿಧಾನದ ಮೊದಲ ಕರಡನ್ನು ಬರೆದವರ ಹೆಸರಿನಲ್ಲಿಯೂ, ಆ ಕಥೆಯನ್ನು ತೆರೆಗೆ ತಂದವರ ಹೆಸರಿನಲ್ಲಿಯೂ ಇರುವುದು ಒಂದೇ ಗ್ರಾಮ ಎಂಬುದು 'ಬಿ.ಎನ್. ರಾವ್' ಎಂಬ ಸಂಕ್ಷಿಪ್ತರೂಪವನ್ನು ಮಾತ್ರ ಬಲ್ಲವರಿಗೆ ಹೊಳೆಯುವಂತಿಲ್ಲ.

ಆದರೆ ಗ್ರಾಮನಾಮದ ಸಾಮ್ಯವೊಂದರಿಂದಲೇ ನಿಕಟ ರಕ್ತಸಂಬಂಧವನ್ನು ಊಹಿಸುವಂತಿಲ್ಲ. ಒಂದೇ ಊರಿನಿಂದ ಹೊರಟ ಹಲವು ಮನೆಗಳು ಒಂದೇ ಹೆಸರನ್ನು ಧರಿಸಬಹುದು. ಇದಕ್ಕೆ ವಿರುದ್ಧವಾಗಿ, ಬೇರೆ ಬೇರೆ ಗ್ರಾಮನಾಮದವರು ಹತ್ತಿರದ ಬಂಧುಗಳಾಗಿರಬಹುದು. ಬೆಂಗಳೂರಿನಲ್ಲಿ ಹುಟ್ಟಿದ ಚಿತ್ರನಿರ್ದೇಶಕ ಗುರುದತ್ತ ಪಡುಕೋಣೆ (1925–1964) ಮತ್ತು ಶ್ಯಾಮ ಬೆನಗಲ್ ಬಂಧುಗಳು. ಗುರುದತ್ತರ ತಾಯಿಯ ತಾಯಿ, ಶ್ಯಾಮರ ತಂದೆಯ ತಾಯಿ ಇವರು ಅಕ್ಕತಂಗಿಯರು. ಹೆಂಗಸರ ಮೂಲಕ ಸಾಗುವ ಇಂತಹ ಸಂಬಂಧಗಳನ್ನು ಮನೆತನದ ಹೆಸರು ಎಂದಿಗೂ ತೋರಿಸುವುದಿಲ್ಲ.

ರೂಪದ ವಿಷಯದಲ್ಲಿ ಇನ್ನೊಂದು ಮಾತು. ಕನ್ನಡದ 'ಬೆನಗಲ್' ರೋಮನ್ ಲಿಪಿಯಲ್ಲಿ ನಡುವೆ 'ಇ' ಅಕ್ಷರವನ್ನು ಪಡೆಯಿತು. ಆ ಲಿಪಿಯಿಂದ ಮತ್ತೆ ಕನ್ನಡಕ್ಕೆ ಬರುವಾಗ ಪತ್ರಿಕೆಗಳಲ್ಲಿ ಅದು 'ಬೆನೆಗಲ್' ಆಗಿದೆ. ಒಂದೇ ಹೆಸರಿನ ಎರಡು ಕನ್ನಡ ರೂಪಗಳನ್ನು ಎರಡು ಹೆಸರುಗಳೆಂದು ಭಾವಿಸಬಾರದು.

7. ಒಂದು ಹೋಲಿಕೆ

ಊರು ಮತ್ತು ಹೆಸರಿನ ಈ ನಂಟು ಕನ್ನಡ ಕರಾವಳಿಗೆ ಮಾತ್ರ ಸೀಮಿತವಲ್ಲ. ಕೊರಿಯಾದಲ್ಲಿ ಕುಲನಾಮಗಳ ಸಂಖ್ಯೆ ಕಡಿಮೆ. ದಕ್ಷಿಣ ಕೊರಿಯಾದ 2015ರ ಜನಗಣತಿಯ ಪ್ರಕಾರ ಕಿಮ್, ಲೀ, ಪಾರ್ಕ್ ಎಂಬ ಮೂರೇ ಹೆಸರುಗಳನ್ನು ಜನಸಂಖ್ಯೆಯ ಶೇಕಡ 44ಕ್ಕೂ ಹೆಚ್ಚು ಮಂದಿ ಧರಿಸಿದ್ದಾರೆ. ಆದ್ದರಿಂದ ಕುಲನಾಮದೊಡನೆ ವಂಶದ ಮೂಲಸ್ಥಳವನ್ನು ಸೂಚಿಸುವ 'ಬೊನ್‌ಗ್ವಾನ್' ಎಂಬ ಪದ್ಧತಿ ಅಲ್ಲಿ ಬೆಳೆದಿದೆ. ಗಿಮ್ಹೇ ಊರಿನ ಕಿಮ್ ಮನೆತನ ಬೇರೆ, ಗ್ಯೊಂಗ್ಜು ಊರಿನ ಕಿಮ್ ಮನೆತನ ಬೇರೆ. ನಮ್ಮಲ್ಲಿ 'ರಾವ್' ಎಂಬುದು ಎಲ್ಲರಿಗೂ ಸಮಾನವಾದಾಗ ಬೆನಗಲ್, ಕಾರ್ನಾಡ್ ಎಂಬ ಊರುಗಳು ಮಾಡುವ ಕೆಲಸವನ್ನೇ ಅಲ್ಲಿ ಬೊನ್‌ಗ್ವಾನ್ ಮಾಡುತ್ತದೆ.

ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಕೊರಿಯಾದಲ್ಲಿ ಕುಲನಾಮವೂ ಮೂಲಸ್ಥಳವೂ ಒಂದೇ ಆಗಿದ್ದವರ ನಡುವಣ ವಿವಾಹವನ್ನು ಕಾನೂನೇ ನಿಷೇಧಿಸಿತ್ತು. 1997ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಷೇಧ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ತೀರ್ಪು ಕೊಟ್ಟಿತು. 2005ರಲ್ಲಿ ಕಾನೂನು ತಿದ್ದುಪಡಿಯಾಯಿತು. ಸಾರಸ್ವತರಲ್ಲಿ ವಿವಾಹದ ನಿಷೇಧಕ್ಕೆ ಆಧಾರ ಗೋತ್ರವೇ ಹೊರತು ಗ್ರಾಮನಾಮವಲ್ಲ. ವಿವಾಹದಂತಹ ಗಂಭೀರ ಪ್ರಸಂಗದಲ್ಲಿ ನೆನಪಿಡಬೇಕಾದ ಅಗತ್ಯವಿಲ್ಲದ್ದರಿಂದಲೇ ಗ್ರಾಮನಾಮ ಆದ್ಯಕ್ಷರವಾಗಿ ಕುಗ್ಗಲು, ಕೆಲವೆಡೆ ಕಳಚಿಹೋಗಲು ಸಾಧ್ಯವಾಯಿತೆಂದು ಹೇಳಬಹುದು.

8. ಸೂಚಿಕಾರರಿಗೆ ಮತ್ತು ಸಂಶೋಧಕರಿಗೆ

ದಕ್ಷಿಣ ಭಾರತದ ಹೆಸರುಗಳನ್ನು ಸೂಚಿಯಲ್ಲಿ ಸೇರಿಸುವ ಸಮಸ್ಯೆಯನ್ನು ಶಾಸ್ತ್ರೀಯವಾಗಿ ಎದುರಿಸಿದ ಮೊದಲಿಗರು ಮದರಾಸಿನವರೇ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್.ಆರ್. ರಂಗನಾಥನ್ 1934ರಲ್ಲಿ ತಮ್ಮ ವರ್ಗೀಕೃತ ಸೂಚಿಯ ಸಂಹಿತೆಯನ್ನು ಪ್ರಕಟಿಸಿದರು. ಶಿಯಾಳಿ ರಾಮಾಮೃತ ರಂಗನಾಥನ್ ಎಂಬ ಅವರ ಹೆಸರೇ ಊರು, ತಂದೆ, ಅಂಕಿತ ಎಂಬ ಕ್ರಮದ್ದು. ಅನಂತರ 1978ರ ಆಂಗ್ಲೋ-ಅಮೆರಿಕನ್ ಸೂಚೀಕರಣ ನಿಯಮಗಳ ಎರಡನೆಯ ಆವೃತ್ತಿಯೂ, ಕನ್ನಡ, ತಮಿಳು, ತೆಲುಗು, ಮಲಯಾಳ ಹೆಸರುಗಳಲ್ಲಿ ಕುಲನಾಮವಿಲ್ಲದಿದ್ದರೆ ಅಂಕಿತನಾಮದ ಅಡಿಯಲ್ಲಿ ದಾಖಲಿಸಬೇಕೆಂದೂ, ಅದರ ಹಿಂದೆ ಊರು ಅಥವಾ ತಂದೆಯ ಹೆಸರು ಇರುವುದುಂಟೆಂದೂ ಹೇಳಿದೆ. ಆದರೆ ಕುಲನಾಮವಿದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಹೊಣೆ ಸೂಚಿಕಾರನದೇ. ಆ ನಿರ್ಧಾರಕ್ಕೆ ನೆರವಾಗಬಲ್ಲ ಕೆಲವು ಅಂಶಗಳನ್ನು ಮೇಲಿನ ವಿವೇಚನೆಯಿಂದ ಸಂಗ್ರಹಿಸಬಹುದು.

ಮೊದಲನೆಯದು, ಆದ್ಯಕ್ಷರವನ್ನು ಎರಡು ತಲೆಮಾರುಗಳಲ್ಲಿ ಹೋಲಿಸಿ ನೋಡಬೇಕು. ತಂದೆ ಮಕ್ಕಳಲ್ಲಿ ಅದು ಒಂದೇ ಆಗಿದ್ದರೆ ಊರು ಅಥವಾ ಮನೆ. ಬದಲಾಗಿದ್ದರೆ ತಂದೆಯ ಹೆಸರು. ಅಕ್ಷರಗಳು ಆಕಸ್ಮಿಕವಾಗಿ ಕೂಡಿಬರುವುದುಂಟಾದ್ದರಿಂದ ಪೂರ್ಣರೂಪ ದೊರೆತಾಗಲೇ ನಿರ್ಣಯಕ್ಕೆ ಬರುವುದು ಲೇಸು.

ಎರಡನೆಯದು, ಆಂಗ್ಲ ಕೃತಿಯ ಮುಖಪುಟಕ್ಕೆ ಬದಲಾಗಿ ಕನ್ನಡ ಆಕರವನ್ನು ನೋಡಬೇಕು. ಆಂಗ್ಲದಲ್ಲಿ ಅಕ್ಷರವಾಗಿ ಕುಗ್ಗಿದ ಊರು ಕನ್ನಡದಲ್ಲಿ ಹಲವು ಸಲ ಪೂರ್ಣವಾಗಿ ಉಳಿದಿರುತ್ತದೆ.

ಮೂರನೆಯದು, ಕೊನೆಯ ಪದ ಉಪಾಧಿಯೋ ಮನೆತನವೋ ಎಂಬುದನ್ನು ವಿಂಗಡಿಸಬೇಕು. ಕೋಟ ಶಿವರಾಮ ಕಾರಂತರ ಹೆಸರಿನಲ್ಲಿ ಕೋಟ ಊರು, ಕಾರಂತ ಮನೆತನ. ಅವರನ್ನು ಕಾರಂತ ಎಂಬಲ್ಲಿ ಸೇರಿಸುವುದು ಯುಕ್ತ. ಬೆನಗಲ್ ರಾಮರಾಯರನ್ನು 'ರಾವ್' ಎಂಬಲ್ಲಿ ಸೇರಿಸುವುದು ಯುಕ್ತವಲ್ಲ. ಕಾಸರಗೋಡಿನ ಕವಿ ಕಯ್ಯಾರ ಕಿಞ್ಞಣ್ಣ ರೈ (1915–2015) ಅವರಲ್ಲಿ ಕಯ್ಯಾರ ಊರು, ರೈ ಬಂಟ ಸಮುದಾಯದ ಉಪಾಧಿ. ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬವೂ ಬಳಿಯೂ ತಾಯಿಯ ಕಡೆಯಿಂದ ಬರುವುದರಿಂದ, ತಂದೆ ಮಗನ ಉಪಾಧಿಗಳು ಬೇರೆಯಾಗಿರುವುದಕ್ಕೂ ಅವಕಾಶವುಂಟು. ಅಂತಹ ಕಡೆ ಮೊದಲನೆಯ ಪರೀಕ್ಷೆಯೂ ಸಾಲದು.

ನಾಲ್ಕನೆಯದು, ಯಾವ ಶೀರ್ಷಿಕೆಯನ್ನು ಆರಿಸಿದರೂ ಉಳಿದ ರೂಪಗಳಿಂದ ಪ್ರತಿನಿರ್ದೇಶವಿರಬೇಕು. ಊರಿನ ಹೆಸರಿನಿಂದ ಒಂದು ಪ್ರತಿನಿರ್ದೇಶವಿದ್ದರೆ ಚದುರಿದ ಮನೆಯವರು ಒಂದು ಪುಟದಲ್ಲಿ ಸೇರುತ್ತಾರೆ. ಒಂದೇ ಹೆಸರಿನ ಇಬ್ಬರಿದ್ದಾಗ ಜೀವಿತಕಾಲ ಅಥವಾ ವೃತ್ತಿಯನ್ನು ಸೇರಿಸುವುದು ಅನಿವಾರ್ಯ.

9. ಸಮಾಪ್ತಿ

ಇಂದು ಪಾಸ್‌ಪೋರ್ಟು ಮೊದಲಾದ ಅರ್ಜಿಗಳಲ್ಲಿ ಅಂಕಿತನಾಮಕ್ಕೂ ಕುಲನಾಮಕ್ಕೂ ಬೇರೆ ಬೇರೆ ಅಂಕಣಗಳಿವೆ. ಆದ್ಯಕ್ಷರಗಳಿಗೆ ಅಲ್ಲಿ ಎಡೆಯಿಲ್ಲ. ಚೆನ್ನೈಯ ಕನ್ನಡ ಮನೆತನವೊಂದರ ಯುವಕ ಅದನ್ನು ತುಂಬುವಾಗ ತಂದೆಯ ಹೆಸರನ್ನು ಕುಲನಾಮವಾಗಿ ಬರೆಯಬಹುದು, 'ರಾವ್' ಎಂದು ಬರೆಯಬಹುದು, ಇಲ್ಲವೆ ಮೂಲಗ್ರಾಮದ ಹೆಸರನ್ನು ಬರೆಯಬಹುದು. ಒಮ್ಮೆ ಬರೆದದ್ದು ಮಕ್ಕಳ ದಾಖಲೆಗಳಿಗೂ ಸಾಗುತ್ತದೆ. ಬೆನಗಲ್ ಮನೆತನದಲ್ಲಿ ಒಂದು ಶತಮಾನದಲ್ಲಿ ನಡೆದ ಹೆಸರಿನ ಮೂರು ಗತಿಗಳೂ, ಎಂದರೆ ಆದ್ಯಕ್ಷರವಾಗಿ ಕುಗ್ಗುವುದು, ಕೊನೆಗೆ ಸರಿದು ನಿಲ್ಲುವುದು, ತಂದೆಯ ಹೆಸರಿಗೆ ಎಡೆಗೊಟ್ಟು ಮರೆಯಾಗುವುದು, ಇಂದು ಒಂದೇ ಅರ್ಜಿಯ ಮುಂದೆ ಆಯ್ಕೆಗಳಾಗಿ ನಿಂತಿವೆ.

ಮನೆತನದ ಹೆಸರು ಕುಟುಂಬದ ಸ್ವಂತ ವಿಷಯ. ಯಾವುದನ್ನು ಆರಿಸಬೇಕೆಂದು ಹೇಳುವುದು ಸಂಶೋಧಕನ ಕೆಲಸವಲ್ಲ. ಆದರೆ ಆರಿಸಿದ ಹೆಸರಿನ ಹಿಂದೆ ಯಾವ ಊರಿತ್ತು, ಯಾವ ಪ್ರಾಂತದ ಯಾವ ಪದ್ಧತಿ ಅದನ್ನು ಹೇಗೆ ಬದಲಿಸಿತು ಎಂಬುದನ್ನು ಬಲ್ಲವನಿಗೆ ಮಾತ್ರ ಇಬ್ಬರು ರಾಮರಾಯರನ್ನು ಇಬ್ಬರಾಗಿ ಕಾಣಲು, ಮೂವರು ಸಹೋದರರನ್ನು ಒಂದು ಮನೆಯವರಾಗಿ ಕಾಣಲು ಸಾಧ್ಯ. ಮದರಾಸಿನ ಪತ್ರಾಗಾರಗಳಲ್ಲಿ ಕನ್ನಡ ಕರಾವಳಿಯ ಊರುಗಳು ಹೀಗೆ ಒಂದೊಂದು ಅಕ್ಷರವಾಗಿ ಹುದುಗಿವೆ. ಅವುಗಳನ್ನು ಬಿಡಿಸಿ ಬರೆಯುವ ಒಂದು ವ್ಯಕ್ತಿನಾಮ ಕೋಶ ಸಿದ್ಧವಾದರೆ ಹೊರನಾಡಿನ ಸಂಶೋಧಕರಿಗೆ ಅದು ಬಹಳ ಉಪಕಾರಿಯಾದೀತು.